ಕರಿಬೇವಿನ ಕುಂಡದ ನುಸಿ, ಅಂಬರಿನೊಳಗಿನ ನುಸಿ

ಮೊದಲನೆಯ ನುಸಿಯ ಎರಡು ಕಾಲನ್ನೂ ಅರ್ಧ ರೆಕ್ಕೆಯನ್ನೂ ನಾನೇ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಮರಳು ಕಾಗದ) ಹಿಡಿದು ತಿಕ್ಕಿ ಸಿಂಕಿನ ನೀರಿಗೆ ಬಿಟ್ಟೆ. ಸುಮಾರು ನಾಲ್ಕು ಕೋಟಿ ವರ್ಷ ಅಂಬರಿನೊಳಗೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿನೊಳಗೆ, ಭದ್ರವಾಗಿದ್ದ ಜೀವ. ಹಿಮಯುಗ ದಾಟಿತ್ತು, ಸಮುದ್ರದ ಹೊಡೆತ ತಡೆದಿತ್ತು, ನನ್ನ ಒಂದು ಭಾನುವಾರದ ಮಧ್ಯಾಹ್ನವನ್ನು ತಡೆಯಲಿಲ್ಲ. ಎರಡನೆಯದಕ್ಕೂ ಅದೇ ಗತಿ ಆಗಬಾರದೆಂದು ಅವತ್ತಿನಿಂದ ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗೀಚಿಡತೊಡಗಿದೆ. ಇಲ್ಲಿರುವುದು ಅದೇ, ಎಡವಟ್ಟುಗಳ ಸಮೇತ.

ಊರು ತೀರ್ಥಹಳ್ಳಿ ಹತ್ತಿರ, ಈಗ ಇರುವುದು ಜರ್ಮನಿಯ ರೋಸ್ಟಾಕ್‌ನಲ್ಲಿ. ಲೋಕಲ್ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ವಾರ್ನೆಮ್ಯುಂಡೆಯ ಬಾಲ್ಟಿಕ್ ಕಡಲ ದಂಡೆ. ಬಂದ ಹೊಸದರಲ್ಲಿ, ಚಳಿಗಾಲದ ಬೆಳಗಿನ ಕತ್ತಲಲ್ಲಿ ಟಾರ್ಚ್ ಹಿಡಿದು ತಲೆ ತಗ್ಗಿಸಿ, ಏನೋ ಕಳಕೊಂಡವರ ಹಾಗೆ ದಂಡೆಯುದ್ದಕ್ಕೂ ನಡೆಯುವ ಮುದುಕರನ್ನು ನೋಡಿ ಸೋಜಿಗವಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಒಬ್ಬರು ಅಂಗೈ ಬಿಡಿಸಿ ತೋರಿಸಿದರು: ಬೆಲ್ಲದ ಬಣ್ಣದ ಮೂರು ಹರಳು. "ಬರ್ನ್‌ಸ್ಟೈನ್" ಅಂದರು. ಅಂಬರಿನ ಜರ್ಮನ್ ಹೆಸರು ಅದು, ಉರಿಯುವ ಕಲ್ಲು ಅಂತ ಅರ್ಥ. ಸಂಸ್ಕೃತ ನಿಘಂಟಿನಲ್ಲಿ ಇದಕ್ಕೆ ತೃಣಮಣಿ ಅಂತ ಹೆಸರಿದೆ. ಉಣ್ಣೆಗೆ ಉಜ್ಜಿದರೆ ಹುಲ್ಲುಕಡ್ಡಿಯನ್ನು ಎಳೆದುಕೊಳ್ಳುವ ಮಣಿ. ಗ್ರೀಕರು ಎಲೆಕ್ಟ್ರಾನ್ ಎಂದರು, ಕರೆಂಟಿನ ಇಂಗ್ಲಿಷ್ ಹೆಸರು ಹುಟ್ಟಿದ್ದು ಅಲ್ಲಿಂದ.

ದಂಡೆಯಲ್ಲಿ ಮೂರು ಸಲ

ಬೇಸಿಗೆಯಲ್ಲಿ ಹೋದರೆ ಸಿಗುವುದು ಜನ ಮಾತ್ರ. ನವೆಂಬರಿನಿಂದ ಮಾರ್ಚ್‌ವರೆಗೆ, ಬಿರುಗಾಳಿ ಬೀಸಿ ಇಳಿದು, ಗಾಳಿ ದಡದ ಕಡೆ ತಿರುಗಿದ ಮರುದಿನ ಬೆಳಗ್ಗೆ ಹೋಗಬೇಕು. ಅಂಬರಿನ ಸಾಂದ್ರತೆ 1.05ರಿಂದ 1.10. ಅಂದರೆ ನೀರಿಗಿಂತ ಒಂದು ಚೂರು ಹೆಚ್ಚು, ಅಷ್ಟೆ. ಬಾಲ್ಟಿಕ್ ನೀರು ಸಪ್ಪೆ, ನಮ್ಮ ಅರಬ್ಬೀ ಸಮುದ್ರದ ಉಪ್ಪಿನ ಅರ್ಧವೂ ಅದರಲ್ಲಿಲ್ಲ. ಹಾಗಾಗಿ ಅಂಬರ್ ತಳದಲ್ಲೇ ಬಿದ್ದಿರುತ್ತದೆ. ಆದರೆ ನೀರು ತಣ್ಣಗಾಗಿ ದಟ್ಟವಾದಾಗ, ಅಲೆ ಜೋರಾದಾಗ ಸುಲಭವಾಗಿ ಮೇಲೆದ್ದು, ನೀರು ಕುಡಿದ ಮರದ ಚೂರು, ಕಡಲ ಹುಲ್ಲಿನ ಜೊತೆ ತೇಲಿಕೊಂಡು ಬರುತ್ತದೆ. ಹೀಗಾಗಿ ಮರಳ ಮೇಲೆ ಮೊದಲು ಹುಡುಕಬೇಕಾದ್ದು ಕಪ್ಪು ಕಡ್ಡಿಕಸದ ಗೆರೆಯನ್ನು. ಬರೀ ಬೆಣಚುಕಲ್ಲು ಬಿದ್ದಿರುವ ಕಡೆ ಬಗ್ಗಿ ಸೊಂಟ ನೋಯಿಸಿಕೊಂಡು ಪ್ರಯೋಜನವಿಲ್ಲ. ಮೊದಲ ಸಲ ನಾನು ಮಾಡಿದ್ದು ಅದನ್ನೇ.

ಎರಡನೇ ಸಲಕ್ಕೆ 365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ ತಗೊಂಡೆ. ಕತ್ತಲಲ್ಲಿ ಅದರ ಬೆಳಕು ಬಿದ್ದರೆ ಅಂಬರ್ ಹಸಿರು ಬೆರೆತ ಹಳದಿಯಾಗಿಯೋ ತಿಳಿನೀಲಿಯಾಗಿಯೋ ಹೊಳೆಯುತ್ತದೆ. ಪ್ಲಾಸ್ಟಿಕ್ಕೂ ಹೊಳೆಯುತ್ತದೆ ಅನ್ನುವುದು ಬೇರೆ ಮಾತು. ಆ ದಿನ ಆರಿಸಿದ್ದರಲ್ಲಿ ಅರ್ಧ ಬಾಟಲಿ ಮುಚ್ಚಳದ ಚೂರು.

ಇಲ್ಲಿ ಒಂದು ವಿಷಯ ತಮಾಷೆ ಬಿಟ್ಟು ಹೇಳಬೇಕು. ಈ ಕರಾವಳಿಯಲ್ಲಿ, ಅದರಲ್ಲೂ ಪೂರ್ವಕ್ಕಿರುವ ಊಸೆಡೊಮ್ ದ್ವೀಪದ ಕಡೆ, ಎರಡನೇ ಮಹಾಯುದ್ಧದ ಬೆಂಕಿಬಾಂಬುಗಳ ಬಿಳಿ ರಂಜಕ ಇನ್ನೂ ದಡಕ್ಕೆ ಬರುತ್ತಿರುತ್ತದೆ. ಅಲ್ಲಿನ ಪೇನೆಮ್ಯುಂಡೆಯ ರಾಕೆಟ್ ಕೇಂದ್ರದ ಮೇಲೆ 1943ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದ್ದವು. ಸಮುದ್ರದಲ್ಲಿ ನೆನೆದ ರಂಜಕದ ಉಂಡೆ ನೋಡಲು ಥೇಟ್ ಅಂಬರ್. ಒದ್ದೆಯಾಗಿರುವವರೆಗೆ ಸುಮ್ಮನಿರುತ್ತದೆ. ಜೇಬಿನಲ್ಲಿಟ್ಟರೆ ಮೈಶಾಖಕ್ಕೆ ಒಣಗಿ ತಾನಾಗಿ ಹೊತ್ತಿಕೊಳ್ಳುತ್ತದೆ, ಸಾವಿರ ಡಿಗ್ರಿ ಮೀರಿ ಉರಿಯುತ್ತದೆ. ನೀರು ಹಾಕಿದರೆ ಆರಿದಂತೆ ಕಂಡು ಒಣಗಿದೊಡನೆ ಮತ್ತೆ ಹತ್ತುತ್ತದೆ. ಪ್ಯಾಂಟಿನ ಜೇಬಿನಲ್ಲಿ ಹೀಗಾಗಿ ತೊಡೆ ಸುಟ್ಟುಕೊಂಡವರಿದ್ದಾರೆ. ಆದ್ದರಿಂದ ಹೆಕ್ಕಿದ್ದೆಲ್ಲ ಲೋಹದ ಡಬ್ಬಿಗೆ, ಡಬ್ಬಿ ಮೈಯಿಂದ ದೂರ ಇರುವ ಚೀಲಕ್ಕೆ. ನನ್ನದು ಊರಿಂದ ಚಕ್ಕುಲಿ ತುಂಬಿ ತಂದಿದ್ದ ಸ್ಟೀಲ್ ಡಬ್ಬಿ. ಮನೆಗೆ ಬಂದ ಮೇಲೂ ಒಂದು ದಿನ ಅದು ಬಾಲ್ಕನಿಯ ಕಲ್ಲಿನ ಮೇಲೆಯೇ ಇರುತ್ತದೆ.

ಮೂರು ಸಲದಿಂದ ಸಿಕ್ಕದ್ದು 23 ಚೂರು. ದೊಡ್ಡದೆಂದರೆ ಹುಣಸೆಬೀಜದಷ್ಟು. ಒಂದರಲ್ಲೂ ಕೀಟವಿಲ್ಲ. ನಿಜ ಹೇಳಬೇಕೆಂದರೆ ದಂಡೆಯಲ್ಲಿ ಆರಿಸಿದ್ದರಲ್ಲಿ ಕೀಟ ಸಿಗುವುದು ಲಾಟರಿ. ಅದಕ್ಕೇ ಪೋಲೆಂಡಿನ ಕಡೆಯ ಕಚ್ಚಾ ಅಂಬರ್ 100 ಗ್ರಾಂ, ತಿಕ್ಕದೆ ಇದ್ದದ್ದು, ಆನ್‌ಲೈನಿನಲ್ಲಿ ತರಿಸಿದೆ. 64 ಚೂರು ಬಂತು.

ಉಪ್ಪುನೀರು, ಅಸಿಟೋನ್ ಮತ್ತು ಒಂದು ಚೇಳು

ದುಡ್ಡು ಕೊಟ್ಟು ತರಿಸಿದ ಮೇಲೆ ಪರೀಕ್ಷೆ ಬೇಡವೇ? 250 ಮಿಲೀ ನೀರಿಗೆ 50 ಗ್ರಾಂ ಅಡುಗೆ ಉಪ್ಪು ಕದಡಿದೆ. ಆ ನೀರಿನ ಸಾಂದ್ರತೆ 1.12ರ ಆಸುಪಾಸಿಗೆ ಬರುತ್ತದೆ, ಅಂಬರ್ ತೇಲಬೇಕು. ಗಾಜು, ಬೇಕಲೈಟ್ ಎಂಬ ಹಳೆಯ ಪ್ಲಾಸ್ಟಿಕ್, ಕರಕುಶಲದವರು ಅಚ್ಚಿಗೆ ಸುರಿಯುವ ರೆಸಿನ್ ಮುಳುಗಬೇಕು. 64ರಲ್ಲಿ 63 ತೇಲಿದವು. ಮುಳುಗಿದ ಒಂದನ್ನು ಲೆನ್ಸ್ ಇಟ್ಟು ನೋಡಿದರೆ ಬಿರುಕಿನ ತುಂಬ ಹಿತ್ತಾಳೆ ಬಣ್ಣದ ಮಿನುಗು. ಪೈರೈಟ್, ಅಂದರೆ ಕಬ್ಬಿಣದ ಸಲ್ಫೈಡ್, ಒಳಗೆ ಸೇರಿ ಭಾರವಾಗಿತ್ತು. ನಕಲಿ ಅಂತ ಬಿಸಾಡದೆ ಇದ್ದದ್ದು ಒಳ್ಳೆಯದಾಯಿತು.

ಅದೇ ಲೋಟಕ್ಕೆ ನನ್ನ ಭಾವ ಪ್ರವಾಸದಿಂದ ತಂದಿದ್ದ "ಅಂಬರ್" ಕೀ ಚೈನನ್ನೂ ಹಾಕಿದೆ. ಒಳಗೆ ಇಡೀ ಚೇಳು, ಕೊಂಡಿ ಎತ್ತಿಕೊಂಡು ಫೋಟೋಗೆ ನಿಂತ ಹಾಗೆ ಸರಿಯಾಗಿ ನಡುವಿನಲ್ಲಿ. ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಭಾವನಿಗೆ ಹೇಳಲಿಲ್ಲ. ಉಪ್ಪುನೀರಿನ ಅಗತ್ಯವೂ ಇರಲಿಲ್ಲ ಅನ್ನಿ. ಅಂಬರಿನಲ್ಲಿ ಸಿಗುವುದು ಬಹುಪಾಲು ಎರಡು-ಮೂರು ಮಿ.ಮೀ. ಉದ್ದದ ನುಸಿ, ನೊಣ. ಅವು ಅಂಟಿಗೆ ಬಿದ್ದು ಒದ್ದಾಡಿ ಸತ್ತವು. ರೆಕ್ಕೆ ಮಡಚಿರುತ್ತದೆ, ಕಾಲು ಮುರಿದಿರುತ್ತದೆ, ಪಕ್ಕದಲ್ಲೇ ಗುಳ್ಳೆ, ತೊಗಟೆ ಪುಡಿ. ದೊಡ್ಡ ಪ್ರಾಣಿ ಚೊಕ್ಕವಾಗಿ ಕೈಕಾಲು ಚಾಚಿ ಕೂತಿದ್ದರೆ ಅನುಮಾನ ಪಡುವುದೇ ಸರಿ.

ತೇಲಿದ್ದೆಲ್ಲ ಅಂಬರ್ ಎಂದೂ ಅಲ್ಲ. ಪಾಲಿಸ್ಟೈರೀನ್ ತೇಲುತ್ತದೆ. ಕೋಪಲ್ ಕೂಡ ತೇಲುತ್ತದೆ. ಅದು ಮಡಗಾಸ್ಕರ್, ಕೊಲಂಬಿಯಾ ಕಡೆಯಿಂದ ಬರುವ ಎಳೆಯ ಅಂಟು, ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದಕ್ಕೆ ಅಸಿಟೋನ್ ಇದೆ. ಹೆಂಡತಿಯ ಉಗುರುಬಣ್ಣ ತೆಗೆಯುವ ಶೀಶೆಯಿಂದ ಒಂದು ಹನಿ ಹಾಕಿ, ಹತ್ತು ಎಣಿಸಿ ಬೆರಳಿಟ್ಟರೆ, ಕೋಪಲ್ ಹಲಸಿನ ಮೇಣದ ಹಾಗೆ ಅಂಟುತ್ತದೆ. ಬಾಲ್ಟಿಕ್ ಅಂಬರ್ ಏನೂ ಆಗದ ಹಾಗೆ ಇರುತ್ತದೆ. ನನ್ನ ಎಲ್ಲ ಚೂರೂ ಪಾಸು. ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ಪರೀಕ್ಷೆಯೂ ಇದೆ. ಒಂದು ತೂತು ಶಾಶ್ವತವಾಗಿ ಉಳಿಯುತ್ತದೆ, ಅದನ್ನು ನಾನು ಮಾಡುವುದಿಲ್ಲ.

ಅಸಿಟೋನ್ ಪರೀಕ್ಷೆಗೂ ಒಂದು ತೊಡಕಿದೆ ಅಂತ ಗೊತ್ತಾದದ್ದು ಅಮ್ಮನಿಂದ, ಒಂದು ಲೆಕ್ಕದಲ್ಲಿ. ವಿಡಿಯೊ ಕಾಲ್‌ನಲ್ಲಿ ಒಂದು ಚೂರು ತೋರಿಸಿದೆ.

"ಎಂತದಾ ಅದು? ಧೂಪದ ಅಂಟಲ್ವಾ? ನಮ್ಮ ಸೊಪ್ಪಿನಬೆಟ್ಟದಲ್ಲಿ ಬೇಕಾದಷ್ಟಿತ್ತಲ್ಲ ಮಾರಾಯ, ಅದಕ್ಕೆ ದುಡ್ಡು ಕೊಟ್ಟೆಯಾ?"

"ಇದು ನಾಲ್ಕು ಕೋಟಿ ವರ್ಷ ಹಳೇದಮ್ಮ."

"ಹಳೇದಾದ್ರೆ ಘಮ ಇರ್ತದಾ?"

ಅಮ್ಮ ಹೇಳಿದ್ದು ನಮ್ಮ ಸಾಲುಧೂಪದ ಮರ. ಪಶ್ಚಿಮ ಘಟ್ಟದ್ದೇ ಮರ ಅದು, ಡಿಪ್ಟೆರೊಕಾರ್ಪ್ ಅನ್ನುವ ಕುಟುಂಬಕ್ಕೆ ಸೇರಿದ್ದು. ಅವಳ ಮಾತಿನ ಮೇಲೆ ಓದುತ್ತ ಹೋದರೆ, ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿರುವ ಐದು ಕೋಟಿ ವರ್ಷ ಹಳೆಯ ಅಂಬರ್ ಇದೇ ಕುಟುಂಬದ ಮರಗಳದ್ದಂತೆ. 2010ರಲ್ಲಿ ಅದರ ಕೀಟಗಳ ಬಗ್ಗೆ ಭಾರತ, ಜರ್ಮನಿ, ಅಮೆರಿಕದ ವಿಜ್ಞಾನಿಗಳು ಸೇರಿ ಬರೆದರು. ಅಷ್ಟು ಹಳೆಯದಾದರೂ ಅದು ದ್ರಾವಕದಲ್ಲಿ ಕರಗುತ್ತದೆ. ಹಾಗಾಗಿ ಕೀಟವನ್ನು ಇಡಿಯಾಗಿ ಹೊರಗೆ ತೆಗೆಯಬಹುದು, ಬಾಲ್ಟಿಕ್ ಅಂಬರಿನಲ್ಲಿ ಇದು ಸಾಧ್ಯವೇ ಇಲ್ಲ. ನನ್ನ ಅಸಿಟೋನ್ ಹನಿಯನ್ನು ನಂಬಿದ್ದರೆ ಗುಜರಾತಿನ ಅಂಬರನ್ನು ಕೋಪಲ್ ಅಂತ ಪಕ್ಕಕ್ಕೆ ತಳ್ಳುತ್ತಿದ್ದೆ. ಯಾವ ಪರೀಕ್ಷೆಯನ್ನೂ ಒಂಟಿಯಾಗಿ ನಂಬಬಾರದು ಅಂತ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು ಬರೆದಿದ್ದೇನೆ. ಬಾಲ್ಟಿಕ್ ಅಂಬರ್ ಸುರಿಸಿದ ಮರ ಯಾವುದು ಅಂತ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಪೈನ್ ಬಳಗದ್ದು ಅನ್ನುವವರಿದ್ದಾರೆ, ಜಪಾನಿನಲ್ಲಿ ಈಗ ಒಂದೇ ಜಾತಿ ಉಳಿದಿರುವ ಸಯಾಡೊಪಿಟಿಸ್ ಬಳಗದ್ದು ಅನ್ನುವವರಿದ್ದಾರೆ.

ಜಾಮೂನಿನ ಪಾಕ

ಕಚ್ಚಾ ಅಂಬರ್ ನೋಡಲು ಒಣಗಿದ ಆಲೂಗಡ್ಡೆ ಸಿಪ್ಪೆಯಂತೆ. ಹೊರಗೆ ಕಂದು ಕರಕು, ಒಳಗೆ ಏನಿದೆ ಕಾಣುವುದಿಲ್ಲ. ಹಾಗಂತ ಎಲ್ಲವನ್ನೂ ತಿಕ್ಕುತ್ತ ಕೂರಲಾಗದು. ದೀಪಕ್ಕೆ ಅಡ್ಡ ಹಿಡಿದು ಎರಡು ಗುಂಪು ಮಾಡಿದೆ: ಹಾಲಿನಂತೆ ಮಸುಕಾದವು ಒಂದು ಕಡೆ, ಬೆಳಕು ಬಿಡುವವು ಇನ್ನೊಂದು ಕಡೆ. ಬೆಳಕು ಬಿಡುವುದರಲ್ಲೂ ಪದರಪದರವಾಗಿರುವವನ್ನು ಬೇರೆ ತೆಗೆದೆ. ಇಲ್ಲಿನ ಹವ್ಯಾಸಿಗಳು ಅವಕ್ಕೆ ಶ್ಲೌಬೆನ್ ಅನ್ನುತ್ತಾರೆ. ತೊಗಟೆಯ ಮೇಲೆ ಒಂದು ಸಲ ಅಂಟು ಹರಿದು, ಅರೆ ಒಣಗಿ, ಮೇಲೆ ಮತ್ತೊಂದು ಸಲ ಹರಿದದ್ದು. ಎರಡು ಹರಿವಿನ ನಡುವಿನ ಬಿಡುವಿನಲ್ಲಿ ಕೀಟ ಬಂದು ಕೂತು ಸಿಕ್ಕಿಬೀಳುತ್ತದೆ. ಮರದ ಒಳಬಿರುಕಿನಲ್ಲಿ ತುಂಬಿಕೊಂಡ ಅಂಟಿಗೆ ಕೀಟ ಹೋಗುವ ದಾರಿಯೇ ಇಲ್ಲ, ಅಂಥ ಚೂರು ಎಷ್ಟು ದೊಡ್ಡದಿದ್ದರೂ ಒಳಗೆ ಖಾಲಿ.

ಪದರದ ಚೂರು 14. ಒಳಗೆ ನೋಡುವ ಉಪಾಯ ಅಡುಗೆಮನೆಯಲ್ಲೇ ಇತ್ತು. ಒರಟು ಮೈ ಮಸುಕಾಗಿ ಕಾಣುವುದಕ್ಕೆ ಕಾರಣ ಬೆಳಕು ಅಲ್ಲಿ ಚದುರಿಹೋಗುವುದು. ಅಂಬರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, 1.54. ಅದಕ್ಕೆ ಹತ್ತಿರದ ದ್ರವದಲ್ಲಿ ಮುಳುಗಿಸಿದರೆ ಒರಟುತನ ಅರ್ಧಕ್ಕರ್ಧ ಮಾಯ. ಎಣ್ಣೆ ಹಾಕಿದರೆ ಬಿರುಕಿನೊಳಗೆ ಇಳಿದು ಆಮೇಲೆ ಬರುವುದಿಲ್ಲ. ಸಕ್ಕರೆ ಪಾಕವಾದರೆ ನೀರಿನಲ್ಲಿ ತೊಳೆದುಹೋಗುತ್ತದೆ. ದೀಪಾವಳಿಯ ಜಾಮೂನು ಖಾಲಿಯಾಗಿ ಪಾಕ ಮಿಕ್ಕಿತ್ತು. ಏಲಕ್ಕಿ ಸೋಸಿ, ಗಾಜಿನ ಬಟ್ಟಲಿಗೆ ಹಾಕಿ, ಚೂರುಗಳನ್ನು ಒಂದೊಂದಾಗಿ ಬಿಟ್ಟು ಕೆಳಗಿಂದ ಮೊಬೈಲ್ ಟಾರ್ಚ್ ಹಿಡಿದೆ. ಕಂದು ಕರಕಿನ ಹಿಂದೆ ಜೇನಿನ ಬಣ್ಣದ ಕೋಣೆಯೊಂದು ತೆರೆದುಕೊಂಡಿತು. ಗುಳ್ಳೆಗಳು, ತೊಗಟೆ ಪುಡಿ, ನಕ್ಷತ್ರದ ಆಕಾರದ ಅತಿ ಸಣ್ಣ ರೋಮಗಳು. ಆ ರೋಮ ಓಕ್ ಮರದ್ದು. ಬಾಲ್ಟಿಕ್ ಅಂಬರಿನಲ್ಲಿ ಅದು ಎಷ್ಟು ಸಾಮಾನ್ಯವೆಂದರೆ, ಕಂಡರೆ ನಕಲಿಯ ಅನುಮಾನ ಬಹುತೇಕ ತೀರಿತು. 14ರಲ್ಲಿ ಮೂರು ಚೂರಿನಲ್ಲಿ ಕೀಟ. ಅವಕ್ಕೆ ಅ, ಆ, ಇ ಅಂತ ಹೆಸರಿಟ್ಟೆ.

"ಅ"ಕ್ಕೆ ಏನಾಯಿತು

ಆಸೆ ಹೆಚ್ಚಾಯಿತು, ಅಷ್ಟೆ. "ಅ" ಚೂರನ್ನು ಮೊಟ್ಟೆಯಾಕಾರಕ್ಕೆ ತಿದ್ದಿ ಪದಕ ಮಾಡಬೇಕೆಂದು ಕೈಯಲ್ಲಿ ಹಿಡಿದೇ ಉರುಟಾಗಿ ತಿಕ್ಕತೊಡಗಿದೆ. ಮೇಲಿಂದ ನೋಡಿದರೆ ನುಸಿಯ ಮೈ ಒಳಗಿತ್ತು, ಇನ್ನೂ ಜಾಗವಿದೆ ಅಂದುಕೊಂಡೆ. ಕಾಲುಗಳು ಪಕ್ಕಕ್ಕೆ ಚಾಚಿ ಅಂಚಿನವರೆಗೆ ಬಂದಿದ್ದವು. ಪಕ್ಕದ ಮೈ ಒರಟಾಗಿದ್ದರಿಂದ ಅದು ಕಾಣಲೇ ಇಲ್ಲ. ತೊಳೆದು ನೋಡಿದಾಗ ಅಂಚಿನಲ್ಲಿ ಎರಡು ಕಪ್ಪು ಚುಕ್ಕಿ, ಅಂದರೆ ಕಾಲು ತುಂಡಾದ ಜಾಗ. ಲೆನ್ಸ್ ಇಟ್ಟರೆ ಚುಕ್ಕಿಯ ನಡುವೆ ಟೊಳ್ಳು ಕಂಡಿತು. ಅಂಬರಿನ ಕೀಟಗಳ ಒಳಗೆ ಹೆಚ್ಚಾಗಿ ಹೀಗೆ ಖಾಲಿಯೇ, ಉಳಿದಿರುವುದು ಮೈಯ ಅಚ್ಚು ಮತ್ತು ತೆಳು ಹೊರಪೊರೆ. ಸಿನಿಮಾದಲ್ಲಿ ತೋರಿಸಿದ ಹಾಗೆ ಇದರ ಹೊಟ್ಟೆಯಿಂದ ಡೈನೋಸಾರ್ ರಕ್ತ ತೆಗೆಯಬಹುದಾ ಅಂತ ಗೆಳೆಯರು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಸಿಕ್ಕಿತು. ಈ ನುಸಿ ಹುಟ್ಟುವ ಹೊತ್ತಿಗೆ ಡೈನೋಸಾರ್‌ಗಳು ಹೋಗಿ ಎರಡು ಕೋಟಿ ವರ್ಷಕ್ಕೂ ಹೆಚ್ಚಾಗಿತ್ತು.

ಆಮೇಲೆ "ಅ"ವನ್ನು ಪ್ರಯೋಗದ ಚೂರಾಗಿ ಇಟ್ಟುಕೊಂಡೆ. ಸಣ್ಣ ಎಲೆಕ್ಟ್ರಿಕ್ ಡ್ರಿಲ್ಲಿಗೆ ಬಟ್ಟೆಚಕ್ರ ಹಾಕಿ ಒತ್ತಿದೆ. ಎರಡೇ ಸೆಕೆಂಡಿಗೆ ಪೈನ್ ಎಣ್ಣೆಯ ವಾಸನೆ ಬಂತು, ಮೈ ಕಿತ್ತಳೆ ಸಿಪ್ಪೆಯ ಹಾಗಾಯಿತು. ನೂರೈವತ್ತು ಡಿಗ್ರಿ ದಾಟುತ್ತಿದ್ದಂತೆ ಅಂಬರ್ ಮೆತ್ತಗಾಗುತ್ತದೆ, ವೇಗದ ಚಕ್ರ ಅಷ್ಟು ಶಾಖವನ್ನು ಒಂದೇ ಬಿಂದುವಿನಲ್ಲಿ ಹುಟ್ಟಿಸುತ್ತದೆ. ಆಭರಣದವರು ಮಾಡುತ್ತಾರೆ, ಅವರ ಕೈಗೆ ಅಭ್ಯಾಸವಿದೆ. ನನಗೆ ಕೈ ಮತ್ತು ನೀರೇ ಸಾಕು.

ಅಮ್ಮನ ಘಮದ ಪ್ರಶ್ನೆಗೂ "ಅ"ದ ಪುಡಿಯಿಂದಲೇ ಉತ್ತರ. ಒಂದು ಚಿಟಿಕೆ ಹಳೆಯ ಚಮಚದಲ್ಲಿ ಕಾಯಿಸಿದೆ. ಮೊದಲು ದೇವಸ್ಥಾನದ ಘಮ, ಹಿಂದೆಯೇ ಗಂಟಲು ಕೆರೆಯುವ ಹೊಗೆ. ಬಾಲ್ಟಿಕ್ ಅಂಬರಿನಲ್ಲಿ ನೂರಕ್ಕೆ ಮೂರರಿಂದ ಎಂಟು ಭಾಗ ಸಕ್ಸಿನಿಕ್ ಆಮ್ಲ, ಕೆಮ್ಮಿಸುವುದು ಅದು. ಹೆಂಡತಿ ಹೊಗೆ ಎಚ್ಚರಿಕೆ ಗಂಟೆಯ ಕೆಳಗೆ ಬಟ್ಟೆ ಬೀಸುತ್ತ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

"ಆ": ಕಿಟಕಿ ಇಡುವುದು

ಎರಡನೆಯದಕ್ಕೆ ಯೋಜನೆ ಬದಲಾಯಿತು. ಪದಕ ಬೇಡ, ಹೊಳಪಿನ ಗುಂಡುಮೈ ಬೇಡ. ಗುಂಡುಮೈ ಚೆಂದ ಕಾಣುತ್ತದೆ, ಆದರೆ ಒಳಗಿನದನ್ನು ಎಳೆದು ಸೊಟ್ಟ ಮಾಡಿ ತೋರಿಸುತ್ತದೆ. ಕೀಟವನ್ನು ಓದಬೇಕಾದರೆ ಚಪ್ಪಟೆ ಕಿಟಕಿ ಬೇಕು, ಅದೂ ಸಾಧ್ಯವಾದರೆ ಒಂದಕ್ಕೊಂದು ಸಮಾನಾಂತರವಾಗಿ ಎರಡು, ಬೆಳಕು ಒಂದರಿಂದ ನುಗ್ಗಿ ಇನ್ನೊಂದರಿಂದ ಬರುವ ಹಾಗೆ. ಅದಕ್ಕೂ ಮೊದಲು, "ಅ" ಕಲಿಸಿದ್ದು: ಪಕ್ಕದಲ್ಲಿ ಒಂದು ಚಿಕ್ಕ ಕಿಟಕಿ. ಆಳ ತಿಳಿಯುವುದು ಅಲ್ಲಿಂದ.

ಆಳದ ಲೆಕ್ಕದಲ್ಲಿ ಕಣ್ಣು ಮೋಸ ಮಾಡುತ್ತದೆ. ಈಜುಕೊಳದ ತಳ ಹತ್ತಿರ ಕಂಡ ಹಾಗೆ, ಅಂಬರಿನೊಳಗಿನ ವಸ್ತು ಇರುವುದಕ್ಕಿಂತ ಮೇಲೆ ಕಾಣುತ್ತದೆ. 3 ಮಿ.ಮೀ. ಆಳದ್ದು 2 ಮಿ.ಮೀ. ಎಂಬಂತೆ ಕಾಣಿಸುತ್ತದೆ. ಪಕ್ಕದ ಕಿಟಕಿಯಿಂದ ಸ್ಕೇಲ್ ಇಟ್ಟು ನೋಡಿದಾಗ "ಆ"ದ ನುಸಿ ಮೇಲ್ಮೈಯಿಂದ 4 ಮಿ.ಮೀ. ಕೆಳಗಿತ್ತು, ಮೇಲೆ ಚಾಚಿದ್ದ ಒಂದು ಕಾಲಿನ ತುದಿ ಮಾತ್ರ ಎರಡೂವರೆಯಲ್ಲಿ. ಕಾಲಿನ ಮೇಲೆ ಒಂದು ಮಿ.ಮೀ. ಉಳಿಸಿ ನಿಲ್ಲಿಸುವುದೆಂದು ತೀರ್ಮಾನಿಸಿ ಚೂರಿನ ಅಂಚಿಗೆ ಮಾರ್ಕರಿನಲ್ಲಿ ಕೆಂಪು ಗೆರೆ ಎಳೆದೆ.

ಸಾಮಾನು ಹೆಚ್ಚೇನಿಲ್ಲ. ಹಳೆಯ ಫೋಟೋ ಫ್ರೇಮಿನ ಗಾಜು, ಅದರ ಮೇಲೆ ನೀರಿನಲ್ಲಿ ಒದ್ದೆ ಮಾಡಿ ಅಂಟಿಸಿದ ವಾಟರ್ ಪೇಪರ್, ಒಂದು ಬೋಗುಣಿ ನೀರು. ಮೇಜಿನ ಹಲಗೆಯ ಮೇಲೆ ಮಾಡಿದರೆ ಕಾಗದ ಉಬ್ಬಿ ಅಂಚು ಇಳಿಜಾರಾಗುತ್ತದೆ, ಗಾಜಾದರೆ ಮೈ ಸಪಾಟು. ನಂಬರ್ 320ರಿಂದ ಶುರು (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು). ಕರಕು ಹಸಿಬೆಲ್ಲದಂತೆ ಕರಗಿ ನೀರು ಬೆಳ್ಳಗಾಗುತ್ತದೆ. ಅಂಬರ್ ಎಷ್ಟು ಮೆದುವೆಂದರೆ, ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ 2ರಿಂದ 2.5, ಅಂದರೆ ಉಗುರಿನಷ್ಟೇ, ಇಪ್ಪತ್ತು ಸಲ ಎಳೆದರೆ ಕಣ್ಣಿಗೆ ಕಾಣುವಷ್ಟು ಸವೆಯುತ್ತದೆ. ಹಾಗಾಗಿ ಹತ್ತು ಎಳೆತಕ್ಕೊಮ್ಮೆ ತೊಳೆದು, ಪಾಕ ಒಂದು ತೊಟ್ಟು ಹಚ್ಚಿ, ಪಕ್ಕದ ಕಿಟಕಿಯಿಂದ ನೋಡುವುದು. ಬೇಸರದ ಕೆಲಸ. "ಅ"ದಲ್ಲಿ ನಾನು ಬಿಟ್ಟದ್ದು ಈ ಬೇಸರವನ್ನೇ.

ಕೆಂಪು ಗೆರೆಗೆ ಅರ್ಧ ಮಿ.ಮೀ. ಇರುವಾಗಲೇ 320 ನಿಲ್ಲಿಸಿ 600, ಆಮೇಲೆ 1000, 2000, 3000. ನಂಬರ್ ಬದಲಿಸಿದಾಗಲೆಲ್ಲ ಎಳೆಯುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಬೇಕು. ಹಿಂದಿನ ಕಾಗದದ ಗೀರು ಪೂರ್ತಿ ಹೋಗಿ ಹೊಸ ಗೀರು ಮಾತ್ರ ಉಳಿದಾಗ ಮುಂದಿನದಕ್ಕೆ ಹೋಗಬಹುದು. ನಡುವೆ ಚೂರು, ಗಾಜು, ಕೈ ಮೂರನ್ನೂ ತೊಳೆಯಬೇಕು. 320ರ ಒಂದೇ ಒಂದು ಮರಳು ಕಾಳು ಉಗುರಿನಲ್ಲಿ ಉಳಿದು 2000ದ ಹಂತದಲ್ಲಿ ಉದ್ದಕ್ಕೊಂದು ಗೆರೆ ಎಳೆಯಿತು, ಮತ್ತೆ 600ಕ್ಕೆ ವಾಪಸು. ಒಂದು ಸಂಜೆ ಹಾಗೆ ಹೋಯಿತು.

ಕೊನೆಯ ಹೊಳಪಿಗೆ ಗಾಜಿನ ಮೇಲೆ ಹಳೆಯ ಪಂಚೆಯ ತುಂಡು ಬಿಗಿಯಾಗಿ ಕಟ್ಟಿದೆ. ಪುಡಿ ಯಾವುದು ಅನ್ನುವುದರಲ್ಲಿ ಒಂದು ದಡ್ಡತನವಾಯಿತು. ಮನೆಯಲ್ಲಿ ಬಿಳಿ ರಂಗೋಲಿ ಪುಡಿ ಇತ್ತು, "ಅ"ದ ಮೇಲೆ ಹಾಕಿ ಉಜ್ಜಿದರೆ ಬೆಕ್ಕು ಪರಚಿದ ಹಾಗಾಯಿತು. ಅದು ಕುಟ್ಟಿದ ಕಲ್ಲು, ಕಾಳು ದಪ್ಪ. ಅಮ್ಮ ಬೆಳ್ಳಿ ದೀಪ ಬೆಳಗುವಾಗ ವಿಭೂತಿ ಹಚ್ಚುತ್ತಿದ್ದದ್ದು ಆಗ ನೆನಪಾಯಿತು. ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು ನೀರಿನಲ್ಲಿ ತೇದು ಪಂಚೆಗೆ ಸವರಿದೆ. ಐದು ನಿಮಿಷ ಮೆತ್ತಗೆ ಸುತ್ತು ಹಾಕಿದೆ, ಆಗಾಗ ನೀರು. ಒರೆಸಿದರೆ ಕಿಟಕಿ ತೆರೆದಿತ್ತು. ಯುರೋಪಿನ ಹಳೆಯ ಕುಶಲಕರ್ಮಿಗಳು ಸುಣ್ಣಕಲ್ಲಿನ ನುಣುಪು ಪುಡಿಯಿಂದಲೇ ಅಂಬರ್ ಬೆಳಗುತ್ತಿದ್ದರಂತೆ. ವಿಭೂತಿಯಿಲ್ಲದವರಿಗೆ ಬಿಳಿ ಟೂತ್‌ಪೇಸ್ಟೂ ನಡೆಯುತ್ತದೆ. ಹಿತ್ತಾಳೆ ಬೆಳಗುವ ದ್ರಾವಣ ಬೇಡ, ಅದರ ರಾಸಾಯನಿಕ ಬಿರುಕಿಗೆ ಇಳಿಯುತ್ತದೆ.

ನುಸಿಯ ಒಂದು ಪಕ್ಕದಲ್ಲಿ ಹಾಲಿನ ಕೆನೆಯಂಥ ಬಿಳಿ ಪೊರೆ ಇದೆ. ಅದನ್ನು ತಿಕ್ಕಿ ತೆಗೆಯಲಾಗದು. ಅಂಟಿನೊಳಗೆ ಕೀಟ ಕೊಳೆಯುವಾಗ ಹೊರಟ ಅನಿಲದ ಸೂಕ್ಷ್ಮ ಗುಳ್ಳೆಗಳು ಅವು. ಬಾಲ್ಟಿಕ್ ಅಂಬರಿನಲ್ಲಿ ಇದು ತೀರಾ ಸಾಮಾನ್ಯ, ಒಂಥರಾ ಊರ ಗುರುತು. ಅದೃಷ್ಟಕ್ಕೆ ರೆಕ್ಕೆಯ ಕಡೆ ತಿಳಿಯಾಗಿತ್ತು.

ಇದು ಯಾರು?

ನುಸಿಗಳಲ್ಲಿ ನೂರಾರು ಬಗೆ. 40 ಪಟ್ಟು ಹಿಗ್ಗಿಸುವ ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪಿನಲ್ಲಿ ಎರಡು ರಾತ್ರಿ ನೋಡಿದೆ. ಮೈ 2 ಮಿ.ಮೀ. ಮೀಸೆ ಮಣಿಸರದ ಹಾಗೆ, ಎಣಿಸಲು ಸಿಕ್ಕದ್ದು 14 ಮಣಿ, ಬುಡದ ಕಡೆ ಪೊರೆ ಮುಚ್ಚಿದೆ. ಕೈರೊನೊಮಿಡ್ ಎಂಬ ಇನ್ನೊಂದು ಕುಟುಂಬದ ಗಂಡು ನುಸಿಯಾಗಿದ್ದರೆ ಮೀಸೆ ಗರಿಯಂತೆ ಕೆದರಿರಬೇಕಿತ್ತು, ಇಲ್ಲಿ ಹಾಗಿಲ್ಲ. ರೆಕ್ಕೆಯ ನಡುವಿನ ನರ ಉದ್ದಕ್ಕೆ ಒಂಟಿಯಾಗಿ ಬಂದು ತುದಿಯ ಹತ್ತಿರ ಎರಡಾಗಿ ಸೀಳುತ್ತದೆ, ಹೈಸ್ಕೂಲಿನ ಲ್ಯಾಬಿನ ಶ್ರುತಿಕವೆ ಇದ್ದ ಹಾಗೇ. ಆಮೇಲೆ ತಲೆಯನ್ನು ಮೇಲಿನ ಕಿಟಕಿಯಿಂದ ನೋಡಿದರೆ, ಎರಡು ಕಣ್ಣೂ ಮೀಸೆಯ ಬುಡದ ಮೇಲಿಂದ ಸಣ್ಣ ಸೇತುವೆಯಂತೆ ಚಾಚಿ ಒಂದನ್ನೊಂದು ಮುಟ್ಟುತ್ತವೆ. ಶ್ರುತಿಕವೆಯ ನರ, ಕಣ್ಣಿನ ಸೇತುವೆ: ಸಯಾರಿಡೆ ಕುಟುಂಬ. ಕೊಳೆತ ಎಲೆ, ಬೂಷ್ಟು ತಿಂದು ಬೆಳೆಯುವ ನುಸಿ. ಬಾಲ್ಟಿಕ್ ಅಂಬರಿನಲ್ಲಿ ಇವು ಧಾರಾಳ, ಅಪರೂಪವೇನಲ್ಲ.

ಗುರುತು ಹಿಡಿಯಲು ಇಟ್ಟುಕೊಂಡಿದ್ದ ಪುಸ್ತಕದಲ್ಲಿ ಮುಂದಿನ ಸಾಲು ಓದಿ ಕುರ್ಚಿಯಿಂದ ಎದ್ದೆ. ಈ ಕುಟುಂಬದವರೇ ಇಂದು ಮನೆಯೊಳಗಿನ ಹೂಕುಂಡಗಳ ಒದ್ದೆ ಮಣ್ಣಿನಲ್ಲಿ ಹುಟ್ಟಿ ಕಾಟ ಕೊಡುವ ಕಪ್ಪು ನುಸಿಗಳು. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ರಾತ್ರಿಯ ಚಳಿಗೆ ಹೆದರಿ ಒಳಗಿಟ್ಟ ಕರಿಬೇವಿನ ಕುಂಡವಿದೆ. ಎರಡು ತಿಂಗಳಿಂದ ಅದರಿಂದ ಹಾರುವ ನುಸಿ ಹಿಡಿಯಲು ಹಳದಿ ಅಂಟುಕಾಗದ ನೆಟ್ಟಿದ್ದೇವೆ. ಕಾಗದ ಕಿತ್ತು ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹತ್ತೊಂಬತ್ತು ಸತ್ತ ನುಸಿ. ಮೂರನೆಯದು ಬೆನ್ನು ಮೇಲಾಗಿ, ರೆಕ್ಕೆ ಹರವಿ ಬಿದ್ದಿತ್ತು. ಅದೇ ಒಂಟಿ ನರ, ಅದೇ ಕವಲು. ತಲೆ ಓರೆಯಾಗಿದ್ದದ್ದನ್ನು ಸೂಜಿಯಿಂದ ತಿರುಗಿಸಿದೆ: ಸೇತುವೆ ಇತ್ತು. ಒಂದು ಕಾಲು ಅಂಟಿನಿಂದ ಬಿಡಿಸಿಕೊಳ್ಳಲು ಎಳೆದು ಉದ್ದವಾಗಿತ್ತು, ಅಂಬರಿನ ನುಸಿ ಮೇಲಕ್ಕೆ ಚಾಚಿದ್ದ ಹಾಗೇ.

ಹಿಂದೆ ಬಂದು ನಿಂತಿದ್ದ ಹೆಂಡತಿ ಅಂದಳು: "ಒಂದು ನುಸಿ ಓಡಿಸೋಕೆ ದುಡ್ಡು ಕೊಟ್ಟು ಅಂಟುಕಾಗದ ತಂದಿದ್ದೀರಿ, ಇನ್ನೊಂದು ನುಸಿ ನೋಡೋಕೆ ದುಡ್ಡು ಕೊಟ್ಟು ಕಲ್ಲು ತರಿಸಿದ್ದೀರಿ. ಎರಡೂ ಒಂದೇನಾ?"

ಕುಟುಂಬ ಒಂದೇ, ಜಾತಿ ಬೇರೆ ಅಂದೆ. ಜಾತಿ ಯಾವುದೆಂದು ಹೇಳುವುದು ನನ್ನ ಕೈಲಾಗದ ಮಾತು. ಅದಕ್ಕೆ ಗಂಡಿನ ಹಿಂಭಾಗದ ಕೊಂಡಿಗಳನ್ನು ನೋಡಬೇಕು, ನನ್ನ ನುಸಿಯ ಆ ಭಾಗ ಬಿಳಿ ಪೊರೆಯೊಳಗಿದೆ.

ಇಡುವುದು

ಪಾಲಿಶ್ ಆದ ಅಂಬರನ್ನು ಶೋಕೇಸಿನಲ್ಲಿ ಬಿಸಿಲಿಗೆ ಇಡುವವರನ್ನು ಕಂಡರೆ ಈಗ ಹೊಟ್ಟೆ ಉರಿಯುತ್ತದೆ. ಗಾಳಿ, ಬೆಳಕು, ಶಾಖಕ್ಕೆ ಮೈ ಕೆಂಪಾಗುತ್ತ, ಬಲೆಯಂಥ ಬಿರುಕು ಬಿಡುತ್ತ ಹೋಗುತ್ತದೆ. ಹೊಸದಾಗಿ ತಿಕ್ಕಿದ್ದಕ್ಕೆ ಕರಕಿನ ರಕ್ಷಣೆಯೂ ಇಲ್ಲ. ಮ್ಯೂಸಿಯಮ್ಮುಗಳಲ್ಲಿ ಮುಖ್ಯ ಚೂರುಗಳನ್ನು ಕೃತಕ ರೆಸಿನ್ನಿನಲ್ಲಿ ಹುದುಗಿಸುವುದುಂಟು. ನನ್ನದಕ್ಕೆ ಅಷ್ಟೆಲ್ಲ ಬೇಡ, ಜಿಪ್ ಇರುವ ಸಣ್ಣ ಚೀಲ, ಗಾಳಿ ಒತ್ತಿ ತೆಗೆದು, ಕತ್ತಲೆಯ ಡ್ರಾಯರ್, ರೇಡಿಯೇಟರಿನಿಂದ ದೂರ. ಸೆಂಟು, ಸ್ಪಿರಿಟ್, ಅಲ್ಟ್ರಾಸಾನಿಕ್ ಕ್ಲೀನರ್ ಹತ್ತಿರ ಸುಳಿಯಬಾರದು.

ಬರ್ಮಾದ ಅಂಬರ್ ಬೇಕಾ ಅಂತ ಮಾರುವವರು ಆಗಾಗ ಸಂದೇಶ ಕಳಿಸುತ್ತಾರೆ. ಅದು ಸುಮಾರು ಹತ್ತು ಕೋಟಿ ವರ್ಷದ್ದು, ಡೈನೋಸಾರ್ ಕಾಲದ್ದೇ, ಕೀಟಗಳೂ ಅದ್ಭುತ. ಆದರೆ ಕಚಿನ್ ರಾಜ್ಯದ ಆ ಗಣಿಗಳಿಗಾಗಿ ಕಾದಾಟ ನಡೆದಿದೆ, 2017ರಲ್ಲಿ ಸೇನೆ ಗಣಿ ಪ್ರದೇಶವನ್ನು ಹಿಡಿದುಕೊಂಡಿತು, ಜನ ಊರು ಬಿಟ್ಟರು. ನನ್ನ ಭಾನುವಾರದ ಹವ್ಯಾಸಕ್ಕೆ ಆ ದುಡ್ಡು ಹೋಗುವುದು ಬೇಡ.

ರೋಸ್ಟಾಕ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಹೋದರೆ ರಿಬ್ನಿಟ್ಸ್-ಡಾಮ್‌ಗಾರ್ಟೆನ್‌ನಲ್ಲಿ ಜರ್ಮನಿಯ ಅಂಬರ್ ಮ್ಯೂಸಿಯಂ ಇದೆ, ಹಳೆಯ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ. ಅಲ್ಲಿಂದ ಬಂದ ಮೇಲೆ ಚೀಟಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಚೀಟಿಯಿಲ್ಲದ ಪಳೆಯುಳಿಕೆ ಬರೀ ಮಣಿ. "ಆ"ದ್ದು ಹೀಗಿದೆ: ಬಾಲ್ಟಿಕ್ ಅಂಬರ್, ಕೊಂಡದ್ದು, ತಿಕ್ಕುವ ಮುಂಚೆ 3.2 ಗ್ರಾಂ, ತಿಕ್ಕಿದ ಮೇಲೆ 2.1 ಗ್ರಾಂ. ಸಯಾರಿಡೆ, ಒಂದು. ಓಕ್ ರೋಮ, ಐದು. ಮೂರು ಕಿಟಕಿ, ವಿಭೂತಿ.

"ಇ" ಇನ್ನೂ ಪಾಕದ ಬಟ್ಟಲಲ್ಲೇ ಇದೆ. ಒಳಗೆ ಎಂಟು ಕಾಲಿನ ಏನೋ ಕಾಣುತ್ತದೆ, ಆದರೆ ಅದರ ಮೇಲೆಯೇ ಒಂದು ಬಿರುಕು ಹಾದಿದೆ. ಯಾವ ಕಡೆಯಿಂದ ಕಿಟಕಿ ತೆಗೆಯುವುದೋ ತೀರ್ಮಾನವಾಗಿಲ್ಲ. ಅಂಟುಕಾಗದ ಹೊಸದು ನೆಡಬೇಕು, ಕರಿಬೇವು ಎರಡು ಚಿಗುರು ಬಿಟ್ಟಿದೆ. ಹಳೆಯ ಕಾಗದದಲ್ಲಿ ಮೂರನೇ ನುಸಿ ಇದ್ದ ಚೌಕವನ್ನು ಮಾತ್ರ ಕತ್ತರಿಸಿ, ಇನ್ನೊಂದು ಚೀಲಕ್ಕೆ ಹಾಕಿ, ಅದಕ್ಕೂ ಚೀಟಿ ಬರೆದು "ಆ"ದ ಪಕ್ಕದಲ್ಲಿ ಇಟ್ಟಿದ್ದೇನೆ.